ಹಸು ಗಬ್ಬ ನಿಲ್ಲದಿದ್ದರೆ ಹೋರಿಯ ಲೆಕ್ಕವನ್ನೂ ಕೇಳಿ



ಹಸು ಮೂರು ಸಲ ತಿರುಗಿ ಬೆದೆಗೆ ಬಂದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು "ಇದು ಗೊಡ್ಡು, ಸಂತೆಗೆ ಹೊಡೆದುಬಿಡಿ" ಎಂಬುದು. ಹೋರಿಯ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳೋಣವೆಂದರೆ ಅದು ಕಣ್ಣೆದುರು ಇರುವುದೂ ಇಲ್ಲ. ಹೆಸರಘಟ್ಟದ ವೀರ್ಯ ಕೇಂದ್ರದಲ್ಲೋ ಇನ್ನೆಲ್ಲೋ ಅದು ಮೇಯುತ್ತಿರುತ್ತದೆ. ನಿಮ್ಮ ಕೊಟ್ಟಿಗೆಗೆ ಬರುವುದು ಕಾಲು ಎಂ.ಎಲ್. ವೀರ್ಯ ತುಂಬಿದ ಒಂದು ಬಣ್ಣದ ಕಡ್ಡಿ ಮಾತ್ರ. ಆದರೆ ಹುಟ್ಟುವ ಕರುವಿನಲ್ಲಿ ಅರ್ಧ ಹಸುವಿನದಾದರೆ ಇನ್ನರ್ಧ ಹೋರಿಯದು. ಗಬ್ಬ ನಿಲ್ಲದಿದ್ದಾಗಲೂ ಈ ಲೆಕ್ಕ ಮರೆಯಬಾರದು.

ಹಾಗೆಂದು ನಾಳೆಯೇ ಕೃತಕ ಗರ್ಭಧಾರಣೆ ಮಾಡುವವರ ಮೇಲೆ ಜಗಳಕ್ಕೆ ಹೋಗಬೇಡಿ! ತಿರುಗಿ ಬೆದೆಗೆ ಬರುವ ಹಸುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಬೇರೆಯೇ ಇರುತ್ತದೆ: ಬೆದೆಯ ಸಮಯ ತಪ್ಪಿರುತ್ತದೆ, ಖನಿಜ ಮಿಶ್ರಣ ಕೊಟ್ಟಿರುವುದಿಲ್ಲ, ಗರ್ಭಕೋಶದಲ್ಲಿ ಕೀವು ಇರುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬುದು ನಿಮಗೆ ಗೊತ್ತೇ ಇದೆ. ಇವನ್ನೆಲ್ಲ ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಹೋರಿಯ ವಂಶವಾಹಿಯ ವಿಷಯ ಮಾತ್ರ ಹೇಳಿದ್ದು ಕಡಿಮೆ.

ಹೋರಿಯ ಬೀಜದಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು. ಆಮೇಲೆ ಬೀಜಕ್ಕೆ ಅಂಟಿಕೊಂಡಿರುವ ಸುರುಳಿ ನಾಳದಲ್ಲಿ ಇನ್ನೂ ಹತ್ತು ದಿನದಷ್ಟು ಕಾಲ ಮಾಗಬೇಕು. ಈ ಕೆಲಸಕ್ಕೆ ತಂಪು ಬೇಕು. ಮೈಯ ಶಾಖಕ್ಕಿಂತ 4-5 ಡಿಗ್ರಿ ಕಡಿಮೆ. ಬೀಜ ಹೊರಗೆ ನೇತಾಡುತ್ತಿರುವುದು ಅದಕ್ಕಾಗಿಯೇ. ಹೋರಿಗೆ ಜೋರು ಜ್ವರ ಬಂದರೆ, ಬಿರುಬಿಸಿಲು ತಗುಲಿದರೆ ಒಂದೆರಡು ತಿಂಗಳು ವೀರ್ಯ ಕೆಡುತ್ತದೆ, ಆಮೇಲೆ ಸರಿಹೋಗುತ್ತದೆ. ವಂಶವಾಹಿಯಲ್ಲೇ ದೋಷವಿದ್ದರೆ ಸರಿಹೋಗುವ ಮಾತೇ ಇಲ್ಲ. ವೀರ್ಯಾಣುವಿನ ಬಾಲ ಹೇಗಿರಬೇಕು, ಅಂಡದ ಗೋಡೆ ಕರಗಿಸುವ ಟೋಪಿ ತಲೆಯ ಮೇಲೆ ಹೇಗೆ ಕೂರಬೇಕು, ಅಂಡಕ್ಕೆ ಹೇಗೆ ಬೆಸೆದುಕೊಳ್ಳಬೇಕು ಎಂಬ ಒಂದೊಂದು ಕೆಲಸಕ್ಕೂ ಬೇರೆ ಬೇರೆ ವಂಶವಾಹಿಗಳ ಅಪ್ಪಣೆ ಬೇಕು.

ಜರ್ಮನಿ, ಆಸ್ಟ್ರಿಯಾಗಳಲ್ಲಿ ಫ್ಲೆಕ್‌ವೀ ಎಂಬ ತಳಿ ಇದೆ, ಕೆಂಪು ಬಿಳಿ ಬಣ್ಣದ ದೊಡ್ಡ ಹಸುಗಳು. ಆ ತಳಿಯ ಕೆಲವು ಹೋರಿಗಳ ವೀರ್ಯವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಯಾವ ಕುಂದೂ ಇರಲಿಲ್ಲ. ಎಣಿಕೆ ಸರಿ, ಓಟ ಸರಿ, ಆಕಾರ ಸರಿ. ಆದರೆ 100 ಹಸುಗಳಿಗೆ ಹಾಕಿದರೆ ಗಬ್ಬ ನಿಂತದ್ದು ಎರಡರಲ್ಲೂ ಇಲ್ಲ. 2014ರಲ್ಲಿ ವಿಜ್ಞಾನಿಗಳು ಕಾರಣ ಕಂಡುಹಿಡಿದರು: ಟಿಎಂಇಎಂ95 ಎಂಬ ಒಂದೇ ಒಂದು ವಂಶವಾಹಿಯ ದೋಷ. ಅಂಡದೊಂದಿಗೆ ಬೆಸೆಯಲು ಬೇಕಾದ ಒಂದು ಪ್ರೋಟೀನು ಆ ವೀರ್ಯಾಣುಗಳಲ್ಲಿ ಇರಲಿಲ್ಲ. ಬಾಗಿಲವರೆಗೆ ಹೋಗುತ್ತಿದ್ದವು, ಒಳಗೆ ಹೋಗಲು ಆಗುತ್ತಿರಲಿಲ್ಲ. ಅಷ್ಟು ಕಾಲ ಆ ವೀರ್ಯ ಹಾಕಿಸಿಕೊಂಡು ತಿರುಗಿ ಬೆದೆಗೆ ಬಂದ ಹಸುಗಳದ್ದು ತಪ್ಪೇನೂ ಇರಲಿಲ್ಲ.

ಈ ಹೋರಿಗಳು ಸಿಕ್ಕಿಬಿದ್ದದ್ದು ಹೇಗೆ ಗೊತ್ತೇ? ಮೊದಲ ಸುಳಿವು ಕೊಟ್ಟದ್ದು ರೈತರ ಮನೆಯ ದಾಖಲೆ. ಯಾವ ಹಸುವಿಗೆ, ಯಾವ ದಿನ, ಯಾವ ಹೋರಿಯ ಕಡ್ಡಿ, ನಿಂತಿತೇ ಇಲ್ಲವೇ ಎಂಬ ಸಾವಿರಾರು ನಮೂದುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಈ ಕೆಲವು ಹೋರಿಗಳು ಬೇರೆಯಾಗಿ ಕಂಡವು. ವಂಶವಾಹಿ ಪರೀಕ್ಷೆ ಆಮೇಲಿನದು.

ಇಂಥ ದೋಷ ಎಷ್ಟೋ ತಲೆಮಾರು ಅಡಗಿಕೊಂಡಿರಬಲ್ಲದು. ವಂಶವಾಹಿಗಳು ಜೋಡೆತ್ತಿನ ಹಾಗೆ, ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ. ಒಂದೆತ್ತು ಕುಂಟಿದರೂ ಇನ್ನೊಂದು ಎಳೆಯುತ್ತದೆ, ಗಾಡಿ ಓಡುತ್ತದೆ, ನೋಡುವವರಿಗೆ ಏನೂ ತಿಳಿಯುವುದಿಲ್ಲ. ಎರಡೂ ಕುಂಟಾದಾಗ ಗಾಡಿ ನಿಲ್ಲುತ್ತದೆ. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಚೀಫ್ ಎಂಬ ಎಚ್.ಎಫ್. ಹೋರಿಯ ಕಥೆ ಹೀಗೇ ಆಯಿತು. ಹಾಲಿನ ತಳಿಯಲ್ಲಿ ಅದಕ್ಕೆ ಸಮನಿರಲಿಲ್ಲ. ಅದಕ್ಕೆ ಹುಟ್ಟಿದ ಹೆಣ್ಣು ಸಂತತಿಯೇ 16,000. ಮೊಮ್ಮಕ್ಕಳು ಐದು ಲಕ್ಷ. ಅದರೊಳಗೆ ಒಂದು ಕುಂಟೆತ್ತು ಇತ್ತು. ಅದರ ವಂಶದ ಹಸುವಿಗೆ ಅದರ ವಂಶದ್ದೇ ಹೋರಿಯ ವೀರ್ಯ ಹಾಕಿದಾಗ, ಎರಡೂ ಕಡೆಯಿಂದ ಅದೇ ದೋಷ ಬಂದ ಭ್ರೂಣಗಳು ಹೊಟ್ಟೆಯಲ್ಲೇ ಸತ್ತವು. ಹೀಗೆ ಹೋದ ಗರ್ಭಗಳು ಪ್ರಪಂಚದಾದ್ಯಂತ ಐದು ಲಕ್ಷಕ್ಕೂ ಹೆಚ್ಚು ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಒಂದು ಹೋರಿ ಒಂದು ಸಲ ಕೊಡುವ ವೀರ್ಯದಿಂದ ನೂರಾರು ಕಡ್ಡಿ ಆಗುತ್ತವೆ. ಒಳ್ಳೆಯ ಗುಣ ಊರೂರಿಗೆ ಹರಡಿದಂತೆ ದೋಷವೂ ಹರಡುತ್ತದೆ.

ವರ್ಣತಂತುವಿನ ದೋಷ ಇನ್ನೊಂದು ಬಗೆ. ದನಗಳಿಗೆ 60 ವರ್ಣತಂತು. ಸ್ವೀಡನ್ನಿನ ದನಗಳಲ್ಲಿ 1ನೆಯದು ಮತ್ತು 29ನೆಯದು ಅಂಟಿಕೊಂಡು ಎಣಿಕೆ 59ಕ್ಕೆ ಇಳಿದಿದ್ದನ್ನು 1964ರಲ್ಲಿ ಗುರುತಿಸಿದರು. ಇಂಥ ಹೋರಿ ಗಟ್ಟಿಮುಟ್ಟಾಗಿಯೇ ಇರುತ್ತದೆ, ಅದರ ಕೆಲವು ವೀರ್ಯಾಣುಗಳಿಗೆ ಮಾತ್ರ ಪಾಲು ಸರಿಯಾಗಿ ಸಿಗುವುದಿಲ್ಲ. ಅವುಗಳಿಂದಾದ ಭ್ರೂಣ ಬೇಗ ಸಾಯುತ್ತದೆ.

ಸಮಾಧಾನದ ವಿಷಯವೆಂದರೆ, ನಮ್ಮ ದೇಶದಲ್ಲಿ ವೀರ್ಯ ಕೇಂದ್ರಗಳಿಗೆ ಕೇಂದ್ರ ಸರ್ಕಾರದ ನಿಯಮವಿದೆ. ಹೋರಿಯ ವರ್ಣತಂತು ಪರೀಕ್ಷೆ ಆಗಬೇಕು, ಎಚ್.ಎಫ್. ಹೋರಿಗಳಿಗೆ ಬ್ಲಾಡ್, ಡಂಪ್ಸ್ ಮುಂತಾದ ವಂಶವಾಹಿ ರೋಗಗಳ ಪರೀಕ್ಷೆಯೂ ಆಗಬೇಕು. ಊರಿನ ಹೋರಿಗೆ ಇದು ಯಾವುದೂ ಇಲ್ಲ. "ಮನೆಯಲ್ಲೇ ಹುಟ್ಟಿದ ಎಚ್.ಎಫ್. ಮಿಶ್ರತಳಿ ಹೋರಿ ಇದೆ, ಅದನ್ನೇ ಬಿಟ್ಟರಾಯಿತಲ್ಲ, ದುಡ್ಡು ಉಳಿಯಿತು" ಎನ್ನುವ ಗಂಡಸರಿಗೆ ನೀವು ಇದನ್ನು ಹೇಳಬೇಕು. ಮಿಶ್ರತಳಿ ಹೋರಿಗಳಲ್ಲಿ ವೀರ್ಯ ಕಳಪೆಯಾಗಿರುವುದು ಹೆಚ್ಚು. ವೀರ್ಯ ಕೇಂದ್ರಗಳಲ್ಲೇ ಅಂಥ ಎಷ್ಟೋ ಹೋರಿಗಳನ್ನು ತೆಗೆದುಹಾಕುತ್ತಾರೆ. ಇನ್ನು ಒಂಟಿ ಬೀಜದ ಹೋರಿ, ಅಂದರೆ ಇನ್ನೊಂದು ಬೀಜ ಹೊಟ್ಟೆಯಲ್ಲೇ ಉಳಿದದ್ದು, ಎಷ್ಟೇ ಚೆಂದವಿರಲಿ, ತಳಿಗೆ ಬಿಡಲೇಬೇಡಿ. ಆ ಗುಣ ಮಕ್ಕಳಿಗೂ ಇಳಿಯುತ್ತದೆ.

ಮನುಷ್ಯರಲ್ಲೂ ಇದೇ ಕಥೆ. ವೈ ವರ್ಣತಂತುವಿನ ಒಂದು ಸಣ್ಣ ತುಂಡು ಇಲ್ಲದೆ ಹೋದರೆ ಗಂಡಸಿನ ವೀರ್ಯದಲ್ಲಿ ವೀರ್ಯಾಣುವೇ ಇಲ್ಲದಿರಬಹುದು. ಆಳು ನೋಡಲು ಪೈಲ್ವಾನನಂತೆ ಇರುತ್ತಾನೆ. ಆದರೂ ಮಕ್ಕಳಾಗದಿದ್ದರೆ ಮೊದಲು ಪರೀಕ್ಷೆಗೆ ಹೋಗುವವಳು ಸೊಸೆಯೇ. ನಾನು ದನದ ಡಾಕ್ಟರು, ಇಷ್ಟಕ್ಕೇ ನಿಲ್ಲಿಸುತ್ತೇನೆ.

ಈಗ ಕೊಟ್ಟಿಗೆಯ ಕೆಲಸಕ್ಕೆ ಬರೋಣ. ಗರ್ಭಧಾರಣೆ ಆದ ಮೇಲೆ ಖಾಲಿ ಕಡ್ಡಿಯನ್ನು ಕೇಳಿ ಇಸಿದುಕೊಳ್ಳಿ. ಅದರ ಮೇಲೆ ಹೋರಿಯ ಸಂಖ್ಯೆ, ತಳಿ, ವೀರ್ಯ ತುಂಬಿದ ದಿನ ಅಚ್ಚಾಗಿರುತ್ತದೆ. ತೊಳೆದು ಒರೆಸಿ ಹಾಲಿನ ಪಾಸ್‌ಬುಕ್ಕಿನಲ್ಲೇ ಅಂಟಿಸಿ, ಪಕ್ಕದಲ್ಲಿ ದಿನಾಂಕ ಮತ್ತು ಹಸುವಿನ ಕಿವಿಯೋಲೆಯ 12 ಅಂಕಿ ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕೈಯಲ್ಲಿ ಬರೆಸಿ. ಆ ಹೋರಿಗೆ ಹುಟ್ಟಿದ ಕಡಸಿಗೆ ಮುಂದೆ ಅದೇ ಹೋರಿಯ ಕಡ್ಡಿ ಬೀಳದಂತೆ ತಡೆಯುವುದೂ ಈ ಸಂಖ್ಯೆಯಿಂದಲೇ.

ಹಸು ತಿರುಗಿ ಬೆದೆಗೆ ಬಂದರೆ ಎಷ್ಟನೇ ದಿನಕ್ಕೆ ಬಂತು ಎಂಬುದನ್ನೂ ಬರೆಯಿರಿ. 21 ದಿನದ ಆಸುಪಾಸು ಬಂದರೆ ಗಬ್ಬ ಕಟ್ಟಲೇ ಇಲ್ಲ, ಅಥವಾ ಕಟ್ಟಿ ಬಹಳ ಬೇಗ ಹೋಯಿತು. 30 ದಿನ ದಾಟಿ ಬಂದರೆ ಕಟ್ಟಿದ್ದು ಆಮೇಲೆ ಹೋಗಿರಬಹುದು. ಡಂಪ್ಸ್ ದೋಷದ ಭ್ರೂಣ ಸಾಯುವುದು 40 ದಿನದ ಸುಮಾರಿಗೆ. ನಡುವಿನ ಒಂದು ಬೆದೆ ನಿಮ್ಮ ಕಣ್ಣಿಗೆ ಬೀಳದೆ ಹೋಗಿರಲೂಬಹುದು, ಆದ್ದರಿಂದ ಪರೀಕ್ಷೆ ಮಾಡಿಯೇ ನಾವು ಹೇಳಬೇಕು. ಮೂರನೇ ಸಲವೂ ನಿಲ್ಲದಿದ್ದರೆ ಹಸುವನ್ನು ಸಂತೆಗೆ ಹೊಡೆಯುವ ಮೊದಲು ಗರ್ಭಕೋಶದ ತಪಾಸಣೆ ಮಾಡಿಸಿ, ಮುಂದಿನ ಸಲ ಬೇರೆ ಹೋರಿಯ ಕಡ್ಡಿ ಕೇಳಿ. ನಿಮ್ಮ ಸಂಘದಲ್ಲಿ ಒಂದೇ ಸಂಖ್ಯೆಯ ಹೋರಿಯಿಂದ ನಾಲ್ಕೈದು ಮನೆಯ ಹಸುಗಳು ತಿರುಗಿದ್ದು ಕಂಡರೆ ಆ ಪಾಸ್‌ಬುಕ್ಕುಗಳನ್ನೆಲ್ಲ ಒಟ್ಟಿಗೆ ತಂದು ಕಾರ್ಯದರ್ಶಿಯವರ ಮೂಲಕ ನಮ್ಮ ಶಿಬಿರ ಕಚೇರಿಗೆ ತಲುಪಿಸಿ. ಕಡ್ಡಿಗಳ ಸಂಖ್ಯೆ ಹಿಡಿದು ವೀರ್ಯ ಕೇಂದ್ರಕ್ಕೆ ಬರೆಯುವುದು ನಮ್ಮ ಕೆಲಸ.