ಕೊಳೆತ ಮೊಟ್ಟೆಯ ಅನಿಲ, ಕೋಶದ ಕಾವಲುಗಾರ

ಅಂಕೋಲಾ ತಾಲೂಕಿನ ಅಗಸೂರಿನ ಕಡೆಯವರಿಗೆ ಗಂಗಾವಳಿ ಅಳಿವೆಯ ಕಪ್ಪು ಕೆಸರು ಹೊಸದಲ್ಲ. ಅಂಥ ಕೆಸರನ್ನು ಕದಡಿದರೆ ಕೊಳೆತ ಮೊಟ್ಟೆಯ ನಾತ ಏಳುತ್ತದೆ. ಅದು ಹೈಡ್ರೋಜನ್ ಸಲ್ಫೈಡ್ ಅನಿಲ. ಮ್ಯಾನ್‌ಹೋಲಿಗೆ ಇಳಿದವರ ಜೀವ ತೆಗೆಯುವುದೂ ಇದೇ. ಇಂಥ ವಿಷವನ್ನು ನಮ್ಮ ಜೀವಕೋಶಗಳೂ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುತ್ತವೆ ಎಂದರೆ ಮಕ್ಕಳು ನಂಬಲಾರರು. ಆದರೆ ನಿಜ.

ಎಚ್‌ಐವಿ ಸೋಂಕಿತರು ದಿನವೂ ಮಾತ್ರೆ ನುಂಗಿದರೆ ರಕ್ತದಲ್ಲಿ ವೈರಸ್ ಕಾಣದಷ್ಟು ತಗ್ಗುತ್ತದೆ. ಅಷ್ಟಾದರೂ ಕೆಲವು ಬಿಳಿ ರಕ್ತಕಣಗಳೊಳಗೆ ಅದು ಸದ್ದಿಲ್ಲದೆ ಮಲಗಿರುತ್ತದೆ. ಮಾತ್ರೆ ನಿಲ್ಲಿಸಿದರೆ ಎದ್ದು ಬರುತ್ತದೆ. ಜೀವನಪರ್ಯಂತ ಔಷಧ ಬೇಕಾಗುವುದು ಇದಕ್ಕೇ.

ಮಲಗಿದ ವೈರಸ್ಸನ್ನು ಎಬ್ಬಿಸುವುದೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ಮತ್ತು ಸಂಗಡಿಗರು 2021ರಲ್ಲಿ ಒಂದು ಉತ್ತರ ಪ್ರಕಟಿಸಿದರು. ಕೋಶದಲ್ಲಿ ಈ ಅನಿಲ ತಯಾರಿಸುವ ಕಿಣ್ವವನ್ನು ಕುಗ್ಗಿಸಿದಾಗ ವೈರಸ್ ಎದ್ದಿತು. ಅನಿಲವನ್ನು ನಿಧಾನವಾಗಿ ಬಿಡುವ ರಾಸಾಯನಿಕವೊಂದನ್ನು ಕೊಟ್ಟಾಗ ಮತ್ತೆ ಅಡಗಿತು. ಚಿಕಿತ್ಸೆಯಲ್ಲಿರುವ ಸೋಂಕಿತರಿಂದ ಪಡೆದ ಕಣಗಳಲ್ಲೂ, ಎಂದಿನ ಔಷಧದ ಜೊತೆ ಕೊಟ್ಟಾಗ, ವೈರಸ್ ಮರುಕಳಿಸಲಿಲ್ಲ.

ಅನಿಲ ಕೆಲಸ ಮಾಡುವ ದಾರಿಗಳಲ್ಲೊಂದು 'ಎನ್‌ಆರ್‌ಎಫ್2' ಎಂಬ ಪ್ರೋಟೀನು. 1994ರಲ್ಲಿ ಪತ್ತೆಯಾದ ಇದು ಕೋಶದ ಕಾವಲುಗಾರ. ಸಾಮಾನ್ಯ ಕಾಲದಲ್ಲಿ 'ಕೀಪ್1' ಎಂಬ ಇನ್ನೊಂದು ಪ್ರೋಟೀನು ಇದನ್ನು ಹಿಡಿದು ನಾಶಕ್ಕೆ ಒಪ್ಪಿಸುತ್ತಲೇ ಇರುತ್ತದೆ. ಕಾವಲುಗಾರನನ್ನು ದಿನವೂ ಹುಟ್ಟಿಸಿ ದಿನವೂ ಕೊಲ್ಲುವ ಈ ಏರ್ಪಾಡು ದುಂದುಗಾರಿಕೆ ಎನಿಸೀತು; ಅಪಾಯ ಬಂದ ಕ್ಷಣ ಸಿದ್ಧವಿರಲು ಇದೇ ಉಪಾಯ. ಹಾನಿಕಾರಕ ರಾಸಾಯನಿಕಗಳು ಹೆಚ್ಚಿದರೆ ಕೀಪ್1ರಲ್ಲಿರುವ ಗಂಧಕದ ತುದಿಗಳು ಬದಲಾಗಿ ಹಿಡಿತ ಸಡಿಲುತ್ತದೆ. ಆಗ ಎನ್‌ಆರ್‌ಎಫ್2 ಕೋಶಕೇಂದ್ರಕ್ಕೆ ನುಗ್ಗಿ ರಕ್ಷಣೆಯ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಉರಿಯೂತವೂ ತಗ್ಗುತ್ತದೆ.

ದೇಹದ ರಕ್ಷಣಾ ಪಡೆಯೇ ನರಗಳ ಹೊದಿಕೆಯ ಮೇಲೆರಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಕ್ಕೆ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಪಡೆದ ಡೈಮಿಥೈಲ್ ಫ್ಯೂಮರೇಟ್ ಮಾತ್ರೆ ಭಾಗಶಃ ಈ ದಾರಿಯಲ್ಲೇ ಕೆಲಸ ಮಾಡುತ್ತದೆ.

ಹಾಗಾದರೆ ಅರಿಶಿನ ಕುಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅರಿಶಿನದ ಕರ್ಕ್ಯುಮಿನ್ ಪ್ರಯೋಗಾಲಯದ ಕೋಶಗಳಲ್ಲಿ ಎನ್‌ಆರ್‌ಎಫ್2ನ್ನು ಎಚ್ಚರಿಸುವುದು ನಿಜ. ಆದರೆ ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರ ಕಡಿಮೆ. ವೈದ್ಯರು ಕೊಟ್ಟ ಮಾತ್ರೆಗೆ ಅದು ಬದಲಿಯಲ್ಲ.

ಕಾವಲುಗಾರ ಸದಾ ಎಚ್ಚರವಿರುವುದೂ ಕೇಡೇ. ಶ್ವಾಸಕೋಶದ ಕೆಲವು ಕ್ಯಾನ್ಸರುಗಳಲ್ಲಿ ಕೀಪ್1 ಕೆಟ್ಟು ಎನ್‌ಆರ್‌ಎಫ್2 ಬಿಡುಗಡೆಯಾಗಿಯೇ ಉಳಿಯುತ್ತದೆ. ಆಗ ಅದು ಕಾಯುವುದು ಗಡ್ಡೆಯನ್ನು. ಕೊಟ್ಟ ಔಷಧದಿಂದಲೂ ಕಾಯುತ್ತದೆ.