ಆಟದ ಪಿರಿಯಡ್‌ನಲ್ಲಿ ಬೇವಿನ ನೆರಳು ಹಿಡಿಯುವ ಹುಡುಗಿಯರು

ಆರನೇ ತರಗತಿಯಲ್ಲಿ ಕುಂಟೆಬಿಲ್ಲೆಗೆ ಮೊದಲು ಓಡಿಬರುತ್ತಿದ್ದ ಹುಡುಗಿ ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಬೇವಿನ ಮರದ ಬುಡ ಸೇರುತ್ತಾಳೆ. ‘ಹೊಟ್ಟಿ ನೋಯಲಕತ್ತದ್ರಿ ಅಕ್ಕೋರೆ’ ಎಂಬ ಮಾತು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಶಿಕ್ಷಕರಿಗೆ ಹೊಸದಲ್ಲ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಇದು ಕಲಬುರಗಿಯೊಂದರ ಕಥೆಯೂ ಅಲ್ಲ. ಹದಿಹರೆಯದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರ ಅದರ ಅಂದಾಜಿನಂತೆ ಜಗತ್ತಿನ 11ರಿಂದ 17 ವರ್ಷದ ಹುಡುಗಿಯರಲ್ಲಿ ಶೇ 85ರಷ್ಟು, ಹುಡುಗರಲ್ಲಿ ಶೇ 78ರಷ್ಟು ಮಂದಿಗೆ ಅಷ್ಟು ಸಿಗುತ್ತಿಲ್ಲ.

ಮೊದಲು ರಕ್ತ ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15–19 ವಯಸ್ಸಿನ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಕಂಡಿತು. ಹಿಮೋಗ್ಲೋಬಿನ್ ಕಡಿಮೆಯಾದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದು. ಒಂದು ಸುತ್ತು ಓಡುವಷ್ಟರಲ್ಲೇ ಏದುಸಿರು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯೂ ಹಾಗಾಗಿ ಆಟದ ತಯಾರಿಯೇ. ಮುಟ್ಟಿನ ದಿನ ಕಲೆಯಾದೀತೆಂಬ ಅಂಜಿಕೆ, ನೀರಿಲ್ಲದ ಶೌಚಾಲಯ, ಓಡುವಾಗ ಜಾರುವ ದುಪಟ್ಟಾ, ಹುಡುಗರ ನೋಟ ಇವೂ ಸೇರುತ್ತವೆ.

ಇನ್ನು ಮನಸ್ಸು. ಅಮೆರಿಕದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ 1985ರಲ್ಲಿ ವಿವರವಾಗಿ ಮಂಡಿಸಿದ ಸಿದ್ಧಾಂತದ ತಿರುಳು ಇದು: ಆಯ್ಕೆ ನನ್ನದು, ಇದು ನನ್ನ ಕೈಲಾಗುತ್ತದೆ, ಇವರು ನನ್ನವರು ಎನಿಸಿದಾಗ ಒಳಗಿನಿಂದ ಹುಮ್ಮಸ್ಸು ಹುಟ್ಟುತ್ತದೆ. ತಪ್ಪಿಗೆ ಶಿಕ್ಷೆಯಾಗಿ ಮೈದಾನ ಸುತ್ತಿಸಿದರೆ ಮೂರೂ ಒಟ್ಟಿಗೆ ಸಾಯುತ್ತವೆ.

ಈ ದೃಷ್ಟಿಯಿಂದ ನಮ್ಮ ಖೋ-ಖೋ ಅಪರೂಪದ ಆಟ. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬಳು ಬೆನ್ನಟ್ಟುತ್ತಾಳೆ. ಅವಳು ಹಿಂದಕ್ಕೆ ತಿರುಗುವಂತಿಲ್ಲ, ನಡುಸಾಲು ದಾಟುವಂತಿಲ್ಲ. ದಣಿದರೆ ಸೋಲಬೇಕಿಲ್ಲ, ಗೆಳತಿಯ ಬೆನ್ನು ತಟ್ಟಿ ‘ಖೋ’ ಎಂದರಾಯಿತು. ವೇಗವಿಲ್ಲದವಳಿಗೂ ಸರಿಯಾದ ಗಳಿಗೆ ಗುರುತಿಸುವ ಚುರುಕಿದ್ದರೆ ತಂಡಕ್ಕೆ ಬೇಕಾದವಳೇ. ಬೂಟು, ಬ್ಯಾಟು ಯಾವುದೂ ಬೇಡ. ಖೋ-ಖೋ ಒಲ್ಲದವರಿಗೆ ಲಗೋರಿ, ಥ್ರೋಬಾಲ್, ಹಗ್ಗದಾಟ ಇರಲಿ; ಆರಿಸುವವರು ಹುಡುಗಿಯರೇ ಆಗಲಿ.

ಅವಸರವೂ ಇದೆ. ಹುಡುಗಿಯರ ಮೂಳೆಗೆ ಖನಿಜಾಂಶ ಅತಿ ವೇಗವಾಗಿ ಸೇರುವುದು 12–13ರ ಆಸುಪಾಸಿನಲ್ಲಿ. ಜಿಗಿತ, ಓಟದ ಒತ್ತಡ ಬಿದ್ದರೆ ಆ ಮೂಳೆ ಇನ್ನಷ್ಟು ಗಟ್ಟಿಯಾಗುತ್ತದೆ.

ಮಾರ್ಚ್‌ನಲ್ಲೇ ಕಾಯುವ ನಮ್ಮ ಬಿಸಿಲಿಗೆ ಮಧ್ಯಾಹ್ನದ ಆಟ ಯಾರಿಗೂ ಆಗದು. ಊರಿಗೆ ಮರಳುವ ಬಸ್ಸಿನ ಚಿಂತೆಯಿರುವ ಹುಡುಗಿಗೆ ಕೊನೆಯ ಪಿರಿಯಡ್ಡೂ ಒಗ್ಗದು. ಹಾಗಾಗಿ ಮುಖ್ಯಗುರುಗಳು ವೇಳಾಪಟ್ಟಿ ಬರೆಯುವಾಗ ಗಣಿತವನ್ನು ಸ್ವಲ್ಪ ಕೆಳಗಿಳಿಸಿ, ಹುಡುಗಿಯರ ಆಟವನ್ನು ಬೆಳಗಿನ ಮೊದಲ ಪಿರಿಯಡ್‌ಗೆ ತಂದು ಒಂದು ತಿಂಗಳು ನೋಡಲಿ.