ಜಪಾನೀ ಪಾಠ ಹೇಳುವುದಕ್ಕೆ ಜಪಾನಿನಲ್ಲಿ ಕಲಿತುದು

ವಿದ್ಯೆಗಾಗಿ ಸಮುದ್ರ ದಾಟುವ ನಮ್ಮ ತರುಣ ತರುಣಿಯರಲ್ಲಿ ಹೆಚ್ಚಿನವರು ಯಂತ್ರವಿದ್ಯೆಯನ್ನೋ ವೈದ್ಯವನ್ನೋ ವಾಣಿಜ್ಯವನ್ನೋ ಅರಸಿ ಹೋಗುವರು. ಒಂದು ಭಾಷೆಯನ್ನು ಕಲಿಸುವ ಬಗೆಯನ್ನು ಕಲಿಯುವುದಕ್ಕಾಗಿಯೇ ಪರದೇಶದಲ್ಲಿ ಬಿಡಾರ ಹೂಡುವವರು ವಿರಳ. ಆ ವಿರಳರಲ್ಲಿ ನಾವೂ ಸೇರಿರುವುದರಿಂದ, ಮಕ್ಕಳನ್ನು ಹೀಗೆ ಕಳುಹಿಸುವ ಆಲೋಚನೆಯುಳ್ಳ ಗೃಹಸ್ಥರಿಗೆ ನಾಲ್ಕು ಮಾತು ಹೇಳಬಯಸುತ್ತೇವೆ.

“ಜಪಾನೀ ಭಾಷೆಯನ್ನು ಬೆಂಗಳೂರಿನಲ್ಲಿಯೇ ಕಲಿಯಬಹುದಲ್ಲ, ಅಷ್ಟು ಹಣ ಚೆಲ್ಲಿ ಅಷ್ಟು ದೂರ ಹೋಗುವುದೇಕೆ?” ಎಂದು ಮನೆಯ ಹಿರಿಯರು ಕೇಳುವುದು ನ್ಯಾಯವಾದುದೇ. ಕಲಿಯಬಹುದು, ಸಂದೇಹವಿಲ್ಲ. ಆ ಭಾಷೆಯ ಸಾಮರ್ಥ್ಯಪರೀಕ್ಷೆಯು 1984ರಲ್ಲಿ ಆರಂಭವಾಗಿ 2010ರಿಂದ ಐದು ಮೆಟ್ಟಿಲುಗಳುಳ್ಳದ್ದಾಗಿದೆ. ಬೆಂಗಳೂರಿನಲ್ಲಿಯೂ ಅದಕ್ಕೆ ಕೇಂದ್ರವುಂಟು. ಆದರೆ ಭಾಷೆಯನ್ನು ಬಲ್ಲುದು ಬೇರೆ, ಅದನ್ನು ಕಲಿಸಬಲ್ಲುದು ಬೇರೆ. ಈ ಭೇದವನ್ನು ಜಪಾನಿನವರು ಚೆನ್ನಾಗಿ ಅರಿತಿರುವರು. 1972ರಲ್ಲಿ ಸ್ಥಾಪಿತವಾದ ಜಪಾನ್ ಫೌಂಡೇಶನ್ನು, ಪರದೇಶಗಳ ಉಪಾಧ್ಯಾಯರಿಗಾಗಿಯೇ 1989ರಲ್ಲಿ ಟೋಕಿಯೋ ನಗರದ ಉತ್ತರಕ್ಕಿರುವ ಉರಾವಾ ಎಂಬಲ್ಲಿ ಒಂದು ಶಿಕ್ಷಣಾಲಯವನ್ನು ತೆರೆಯಿತು. ಅಲ್ಲಿಗೆ ಹೋಗುವವರಿಗೆ ವಸತಿಯ ಚಿಂತೆಯಿಲ್ಲ. ಉಳಿದವರು ವಿಶ್ವವಿದ್ಯಾನಿಲಯಗಳಲ್ಲಿಯೂ ಖಾಸಗಿ ಶಾಲೆಗಳಲ್ಲಿಯೂ ಈ ಶಿಕ್ಷಣವನ್ನು ಪಡೆಯುವರು. 420 ಗಂಟೆಗಳ ಪಾಠವೆಂಬುದು ಅದಕ್ಕೆ ಬಹುಕಾಲ ನಡೆದುಬಂದ ಅಳತೆ. 2024ರ ಏಪ್ರಿಲಿನಲ್ಲಿ ಹೊಸ ಕಾಯಿದೆಯೊಂದು ಜಾರಿಗೆ ಬಂದು, ಜಪಾನೀ ಭಾಷೆಯ ಉಪಾಧ್ಯಾಯರಿಗೆ ಸರಕಾರವೇ ಪರೀಕ್ಷೆ ನಡೆಸಿ ಹೆಸರು ದಾಖಲುಮಾಡಿಕೊಳ್ಳುವ ಪದ್ಧತಿ ಏರ್ಪಟ್ಟಿತು. ಅದರ ಮೊದಲ ಪರೀಕ್ಷೆಯು ಅದೇ ವರ್ಷದ ನವೆಂಬರಿನಲ್ಲಿ ನಡೆಯಿತು.

ನಾವು ಸೇರಿದುದು ಟೋಕಿಯೋದ ಒಂದು ವಿಶ್ವವಿದ್ಯಾನಿಲಯವನ್ನು. ಆದುದರಿಂದ ಮನೆಯನ್ನು ನಾವೇ ಹುಡುಕಬೇಕಾಯಿತು. ಅಲ್ಲಿ ಮನೆ ಹಿಡಿಯುವವರು ‘ಶಿಕಿಕಿನ್’ ಎಂಬ ಠೇವಣಿಯನ್ನು ಇಡುವುದಲ್ಲದೆ, ಅನೇಕ ಕಡೆಗಳಲ್ಲಿ ‘ರೇಕಿನ್’ ಎಂಬ ಮತ್ತೊಂದು ಮೊತ್ತವನ್ನೂ ಕೊಡಬೇಕು. ಇದು ಮನೆಯೊಡೆಯನು ಮನೆ ಕೊಟ್ಟನಲ್ಲಾ ಎಂಬ ಕೃತಜ್ಞತೆಗಾಗಿ ಕೊಡುವ ಹಣ, ಹಿಂದಿರುಗಿ ಬರತಕ್ಕದ್ದಲ್ಲ. (ಈ ಉಪಾಯವು ಬೆಂಗಳೂರಿನ ಮನೆಯೊಡೆಯರ ಕಿವಿಗೆ ಬೀಳದಿರಲೆಂದು ಪ್ರಾರ್ಥಿಸುತ್ತೇವೆ.) ಜಾಮೀನುದಾರನೊಬ್ಬನೂ ಬೇಕು, ಗುರುತಿನವರಾರೂ ಇಲ್ಲದವರು ಜಾಮೀನು ನಿಲ್ಲುವ ಕಂಪೆನಿಗೆ ಶುಲ್ಕ ತೆರುವುದುಂಟು. ಪರದೇಶದವರೆಂದು ತಿಳಿದೊಡನೆ ಮನೆಯಿಲ್ಲವೆಂದವರೂ ನಮಗೆ ಸಿಕ್ಕಿದರು. ಕಳುಹಿಸುವ ತಂದೆತಾಯಿಗಳು ಮೊದಲ ತಿಂಗಳ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಮಾತ್ರ ಲೆಕ್ಕ ಹಾಕಬಾರದು. ನಾಲ್ಕೈದು ತಿಂಗಳ ಬಾಡಿಗೆಯಷ್ಟು ಹಣ ಕೈಯಲ್ಲಿರುವುದು ಒಳ್ಳೆಯದು. ಮನೆ ಸಿಕ್ಕಿದ 14 ದಿನಗಳೊಳಗೆ ಪೌರಕಚೇರಿಗೆ ಹೋಗಿ ವಿಳಾಸವನ್ನು ದಾಖಲುಮಾಡಿಸಬೇಕು. ಅಲ್ಲಿಯೇ ರಾಷ್ಟ್ರೀಯ ಆರೋಗ್ಯ ವಿಮೆಗೂ ಸೇರಿಸಿಕೊಳ್ಳುವರು. ಆಮೇಲೆ ಕಾಯಿಲೆ ಬಿದ್ದರೆ ವೈದ್ಯರ ಖರ್ಚಿನಲ್ಲಿ ನೂರಕ್ಕೆ 30 ಭಾಗ ಮಾತ್ರ ನಮ್ಮದು. ಈ ಒಂದು ಸಂಗತಿಯನ್ನು ಕಾಗದದಲ್ಲಿ ಓದಿದ ಮೇಲೆಯೇ ನಮ್ಮ ತಾಯಿಯವರು ನೆಮ್ಮದಿಯಾಗಿ ಮಲಗಿದರಂತೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಕಷ್ಟವೇ. “ಮಾಂಸ ತಿನ್ನುವುದಿಲ್ಲ” ಎಂದರೆ ಅವರು ಮೀನನ್ನು ಅದರಲ್ಲಿ ಸೇರಿಸರು. ತರಕಾರಿಯ ಸಾರೆಂದು ಕೊಡುವುದರಲ್ಲಿಯೂ ‘ದಾಶಿ’ ಎಂಬ ಕಟ್ಟಿನ ನೀರಿರುವುದು. ಅದನ್ನು ಸಾಮಾನ್ಯವಾಗಿ ಒಣಗಿಸಿದ ಮೀನಿನ ಸಿಪ್ಪುಗಳಿಂದ ತೆಗೆಯುವರು. ಬೌದ್ಧ ಮಠಗಳ ಅಡಿಗೆಯಲ್ಲಿ ಮಾತ್ರ ಕಡಲಪಾಚಿಯಿಂದಲೋ ಅಣಬೆಯಿಂದಲೋ ದಾಶಿಯನ್ನು ಮಾಡುವರು. ಅಲ್ಲಿಯ ಅಕ್ಕಿ ಅಂಟಕ್ಕಿ. ಹುಳಿಯನ್ನು ಕಲಸಿಕೊಳ್ಳಲು ಹೋದರೆ ಅನ್ನವು ಉಂಡೆಯಾಗಿ ನಿಲ್ಲುವುದು. ಒಂದು ತಿಂಗಳಲ್ಲಿ ನಾಲಗೆಗೆ ಅದೂ ಒಗ್ಗಿತು.

ಅಲ್ಲಿ ಕಸ ಹಾಕುವುದೊಂದು ಶಾಸ್ತ್ರ. ಸುಡುವ ಕಸಕ್ಕೆ ಒಂದು ದಿನ, ಸುಡದುದಕ್ಕೆ ಒಂದು ದಿನ, ಸೀಸೆ ಡಬ್ಬಿಗಳಿಗೆ ಮತ್ತೊಂದು ದಿನ. ಬೆಳಗಿನ ನಿಯಮಿತ ಗಂಟೆಯೊಳಗೆ ನಿಯಮಿತ ಸ್ಥಳದಲ್ಲಿ ಇಟ್ಟಿರಬೇಕು. ನಾವು ಬಿಡಾರ ಹೂಡಿದ ವಾರವೇ ನೆರೆಮನೆಯ ವೃದ್ಧೆಯೊಬ್ಬರು ತಾವಾಗಿ ಬಂದು, ಪ್ಲಾಸ್ಟಿಕ್ ಸೀಸೆಯೊಂದನ್ನು ಎತ್ತಿ ಹಿಡಿದು, ಮುಚ್ಚಳವನ್ನು ತೆಗೆದು “ಇದು ಇಲ್ಲಿ”, ಮೇಲಿನ ಹಾಳೆಯನ್ನು ಸುಲಿದು “ಇದು ಇಲ್ಲಿ”, ಸೀಸೆಯನ್ನು ತೊಳೆದು ತುಳಿದು ಚಪ್ಪಟೆಮಾಡಿ “ಇದು ಅಲ್ಲಿ” ಎಂದು ತೋರಿಸಿದರು. ಇಂಗ್ಲಿಷಿನ ಒಂದು ಪದವೂ ಇಲ್ಲ, ಜಪಾನಿಯಲ್ಲಿಯೂ ನಾಲ್ಕೈದು ಪದಗಳಿಗಿಂತ ಹೆಚ್ಚಿಲ್ಲ. ಮುಂದೆ ತರಗತಿಯಲ್ಲಿ ನಮಗೆ ಮೊದಲು ಬೋಧಿಸಿದುದು ಇದನ್ನೇ. ಉಪಾಧ್ಯಾಯನು ವಿದ್ಯಾರ್ಥಿಗೆ ಆಗಲೇ ತಿಳಿದಿರುವ ಪದಗಳನ್ನು ಮಾತ್ರ ಬಳಸಿ ಹೊಸದನ್ನು ತಿಳಿಸಬೇಕು. ಕೇಳಲು ಸುಲಭ, ಹತ್ತು ನಿಮಿಷದ ಪಾಠಕ್ಕೆ ಮೂರು ರಾತ್ರಿ ಟಿಪ್ಪಣಿ ಬರೆದವರಿಗೆ ಅದರ ಕಷ್ಟ ಗೊತ್ತು. ನಾವು ಆಡುವ ಒಂದೊಂದು ಮಾತನ್ನೂ ಸಹಪಾಠಿಗಳು ಗುರುತುಹಾಕಿಕೊಂಡು, “ಈ ಪದವು ಇನ್ನೂ ಪಾಠದಲ್ಲಿ ಬಂದಿಲ್ಲ” ಎಂದು ವಿನಯದಿಂದಲೇ ಹೇಳುವರು.

ಆದರೆ ನಾವು ಹೇಳಬೇಕೆಂದಿದ್ದ ಮುಖ್ಯ ಸಂಗತಿಯು ಇನ್ನೊಂದು. ಅಲ್ಲಿ ನಮ್ಮ ಕಣ್ಣಿಗೆ ಹೊಸದಾಗಿ ಕಂಡುದು ನಮ್ಮ ಕನ್ನಡವೇ! ನಾವೆಲ್ಲರೂ ಜಪಾನಿಯನ್ನು ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳಿಂದ ಕಲಿತವರು. ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬರುವುದನ್ನೂ, ವಿಭಕ್ತಿಯು ನಾಮಪದದ ಹಿಂದೆ ಅಂಟುವುದನ್ನೂ ಆ ಪುಸ್ತಕಗಳು ಮಹಾವಿಚಿತ್ರವೆಂಬಂತೆ ವಿವರಿಸುತ್ತವೆ. ನಮಗೆ ಅದರಲ್ಲಿ ವಿಚಿತ್ರವೇನು? ‘ತಬೆತೆ ಮಿರು’ ಎಂದರೆ ಪದಕ್ಕೆ ಪದ ‘ತಿಂದು ನೋಡು’. ‘ತಬೆತೆ ಶಿಮಾವು’ ಎಂದರೆ ‘ತಿಂದು ಬಿಡು’. ‘ಕತ್ತೆ ಓಕು’ ಎಂದರೆ ‘ಕೊಂಡು ಇಡು’ (ವಾಚಕರು ನಗಬಾರದು, ‘ಕತ್ತೆ’ ಎಂದರೆ ಅಲ್ಲಿ ‘ಕೊಂಡು’). ‘ಬರುತ್ತೇನೆ ಎಂದು ಹೇಳಿದನು’ ಎಂಬಲ್ಲಿಯ ‘ಎಂದು’ ಎಂಬುದಕ್ಕೂ ಅವರಲ್ಲಿ ಅದೇ ಸ್ಥಾನದಲ್ಲಿ ‘ತೊ’ ಎಂಬ ಪದವುಂಟು. ‘ಕಿತೆ’ ಎಂದರೆ ‘ಬಾ’, ‘ಕಿತ್ತೆ’ ಎಂದರೆ ಅಂಚೆಚೀಟಿ. ಒತ್ತಕ್ಷರದ ಈ ಭೇದವನ್ನು ಹಿಡಿಯಲು ಅಮೆರಿಕದ ಸಹಪಾಠಿಗಳು ತಿಂಗಳುಗಟ್ಟಲೆ ಹೆಣಗಿದರು. ಕತೆಗೂ ಕತ್ತೆಗೂ ಇರುವ ಅಂತರವನ್ನು ತೊಟ್ಟಿಲಲ್ಲಿಯೇ ಕಲಿತ ನಮಗೆ ಅದು ಶ್ರಮವೇ ಆಗಲಿಲ್ಲ. ಅಕ್ಷರಮಾಲೆಯ ಕ್ರಮವೂ ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ ಎಂದು ಸಾಗುವುದು. ಬೌದ್ಧ ವಿದ್ವಾಂಸರ ಸಂಸ್ಕೃತಾಭ್ಯಾಸದಿಂದ ಬಂದುದದು. ನಿತ್ಯ ಬಳಕೆಗೆಂದು ಸರಕಾರವು 2010ರಲ್ಲಿ ಗೊತ್ತುಮಾಡಿದ 2,136 ಚೀನೀ ಲಿಪಿಚಿಹ್ನೆಗಳಿಗೆ ಮಾತ್ರ ಇಂಥ ಯಾವ ಸಹಾಯವೂ ಇಲ್ಲ. ಬರೆದು ಬರೆದೇ ಕಲಿಯಬೇಕು.

ಎಡವುವ ಜಾಗಗಳೂ ಕನ್ನಡಿಗರಿಗೆ ಬೇರೆ. ಪರರೊಡನೆ ಮಾತನಾಡುವಾಗ ನಾವು “ನಮ್ಮ ತಂದೆಯವರು ಹೇಳಿದರು” ಎನ್ನುವೆವು. ಅಲ್ಲಿ ಪರರೆದುರು ತಮ್ಮವರಿಗೆ ಗೌರವದ ಮಾತು ಸಲ್ಲದು. ತನ್ನ ತಂದೆಗೆ ‘ಚಿಚಿ’ ಎಂದೂ, ಕೇಳುವವನ ತಂದೆಗೆ ‘ಒತೋಸಾನ್’ ಎಂದೂ ಹೇಳತಕ್ಕದ್ದು. ಕನ್ನಡಿಗನಾದ ವಿದ್ಯಾರ್ಥಿಗೆ ಇದು ನಾಲಗೆಯ ತೊಡಕಲ್ಲ, ಮನಸ್ಸಿನ ತೊಡಕು. ‘ಕೊಡು’ ಎಂಬ ನಮ್ಮ ಒಂದು ಪದಕ್ಕೆ ಅಲ್ಲಿ ಎರಡು: ನನ್ನಿಂದ ಇತರರಿಗೆ ಕೊಡುವುದು ‘ಅಗೆರು’, ಇತರರು ನನಗೆ ಕೊಡುವುದು ‘ಕುರೆರು’. ಟೋಕಿಯೋದಲ್ಲಿ ಹುಟ್ಟಿದ ಉಪಾಧ್ಯಾಯನಿಗೆ, ಎಷ್ಟೇ ವಿದ್ವಾಂಸನಾಗಿರಲಿ, ಕನ್ನಡದ ಮಗುವಿನ ಕಾಲು ಎಲ್ಲಿ ಜಾರುವುದೆಂದು ಮೊದಲೇ ತಿಳಿಯದು. ಹೀಗಿದ್ದೂ ನಮ್ಮೂರಿನ ಪೋಷಕರು ಪಾಠಶಾಲೆಗೆ ಬಂದೊಡನೆ “ಜಪಾನಿನವರೇ ಕಲಿಸುತ್ತಾರೆಯೇ?” ಎಂದು ಕೇಳುವರು. ಉಚ್ಚಾರಣೆಗೂ ಸಂಭಾಷಣೆಗೂ ಅವರು ಬೇಕು, ನಿಜ. ಮೊದಲ ಎರಡು ವರ್ಷಗಳ ವ್ಯಾಕರಣಕ್ಕೆ ಅಲ್ಲಿ ನೆಲಸಿ ಶಿಕ್ಷಣ ಪಡೆದುಬಂದ ನಮ್ಮವರೇ ಮೇಲೆಂದು ನಮ್ಮ ಅಭಿಪ್ರಾಯ.

ಇನ್ನು ಸಂಬಳದ ಮಾತು. ಜಪಾನಿ ಬಲ್ಲವರಿಗೆ ಬೆಂಗಳೂರಿನ ಕಂಪೆನಿಗಳಲ್ಲಿ ಭಾಷಾಂತರದ ಕೆಲಸವುಂಟು. ಅಲ್ಲಿ ಸಿಕ್ಕುವ ವೇತನವನ್ನು ಪಾಠ ಹೇಳುವವರು ಸಾಧಾರಣವಾಗಿ ಕಾಣರು. ಸಾಲ ಮಾಡಿ ಕಳುಹಿಸಿದ ಮನೆಯವರು ಮಕ್ಕಳು ಕಂಪೆನಿಗೆ ಸೇರಲೆಂದು ಬಯಸಿದರೆ ತಪ್ಪೆನ್ನಲಾಗದು. ನಮ್ಮ ಮನೆಯಲ್ಲಿಯೂ ಈ ಚರ್ಚೆ ಬಹುದಿನ ನಡೆಯಿತು. ಕೊನೆಗೆ ಹಗಲು ಭಾಷಾಂತರ, ಸಂಜೆ ಪಾಠವೆಂದು ಗೊತ್ತಾಯಿತು. ಸಾಲವು ಇನ್ನೂ ಎರಡು ವರ್ಷದ್ದಿದೆ. ಸಂಜೆಯ ತರಗತಿಯಲ್ಲಿ ಈಗ ಹನ್ನೊಂದು ಮಂದಿ ಇದ್ದಾರೆ. ಅವರಿಗಾಗಿ ಕನ್ನಡದಲ್ಲಿಯೇ ಒಂದು ವ್ಯಾಕರಣದ ಟಿಪ್ಪಣಿಯನ್ನು ಬರೆಯುತ್ತಿದ್ದೇವೆ. ‘ಕೊಡು’ವಿನ ಪ್ರಕರಣವು ಇನ್ನೂ ಮುಗಿದಿಲ್ಲ.